ದೊಡ್ಡರೋಗದ ಸುದ್ದಿಯ ಬೆನ್ನು ಹತ್ತಿ

ಸಾಗರದ ಸ್ಟೇಷನ್ನಿನಲ್ಲಿ ನನ್ನ ಜೊತೆ ಇಳಿದವರಲ್ಲಿ ಹೆಚ್ಚಿನವರು ವರದಹಳ್ಳಿಗೆ ಹೊರಟ ಭಕ್ತರು. ಇಳಿಯದೆ ಉಳಿದವರು ತಾಳಗುಪ್ಪಕ್ಕೆ ಹೋಗಿ ಅಲ್ಲಿಂದ ಲಿಂಗನಮಕ್ಕಿಯ ಅಣೆಕಟ್ಟಿನ ಕೆಲಸಕ್ಕೆ ಸೇರುವ ಕೂಲಿಗಳು. ಮೇ ತಿಂಗಳ ಕೊನೆ. ಹದಿನೈದು ದಿನದ ಹಿಂದೆ ಎರಡು ಅಡ್ಡಮಳೆ ಬಿದ್ದು ನಿಂತಿತ್ತು. ಆಮೇಲಿನ ಬಿಸಿಲು ಮೊದಲಿನದಕ್ಕಿಂತ ಚುರುಕಾಗಿತ್ತು. ನನ್ನ ಕೈಯಲ್ಲಿ ಒಂದು ತಗಡಿನ ಟ್ರಂಕು, ಒಂದು ಮರದ ಪೆಟ್ಟಿಗೆ. ಟ್ರಂಕಿನಲ್ಲಿ ಚಾಕು ಕತ್ತರಿ, ಫಾರ್ಮಲಿನ್ ಬಾಟಲಿ, ಗಾಜಿನ ಪಟ್ಟಿಗಳು, ಎರಡು ಜೊತೆ ಬಟ್ಟೆ. ಪೆಟ್ಟಿಗೆಯಲ್ಲಿ ಪ್ರಯೋಗಾಲಯದ ಹಳೆಯ ಸೂಕ್ಷ್ಮದರ್ಶಕ. ಬೆಂಗಳೂರಿನಿಂದ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದೆ.

ನಾನು ಆಗ ದನಗಳ ರೋಗ ಪತ್ತೆ ಮಾಡುವ ಕೆಲಸದಲ್ಲಿದ್ದೆ. ಹುಟ್ಟೂರು ಕೋಲಾರದ ಕಡೆ. ಮಲೆನಾಡಿಗೆ ಬಂದದ್ದು ಅದೇ ಮೊದಲು. ಬಂದ ಕಾರಣ ಒಂದು ಸುದ್ದಿ. ಶರಾವತಿ ಕಣಿವೆಯಲ್ಲಿ ಅಣೆಕಟ್ಟಿನ ನೀರು ನಿಲ್ಲುವ ಮೊದಲು ಜನ ಮನೆ ಮಠ ಬಿಚ್ಚಿಕೊಂಡು ಬೇರೆ ತಾಲ್ಲೂಕುಗಳಿಗೆ ಹೋಗುತ್ತಿದ್ದರು. ಹೀಗೆ ಹೊರಟ ಒಂದು ಮನೆಯ ದನದ ಹಿಂಡು ದೊಡ್ಡರೋಗವನ್ನು ಹೊತ್ತುಕೊಂಡು ಹೋಗುತ್ತಿದೆ, ದಾರಿಯ ಊರುಗಳಲ್ಲಿ ಎಮ್ಮೆಗಳು ಸಾಯುತ್ತಿವೆ ಎಂದು ಮೇಲಿನವರಿಗೆ ವರದಿ ಹೋಗಿತ್ತು. ದೊಡ್ಡರೋಗ ಎಂದರೆ ಆ ಕಾಲದಲ್ಲಿ ರೈತರ ಎದೆ ಒಡೆಯುತ್ತಿತ್ತು. ಮೊದಲು ಜ್ವರ, ಆಮೇಲೆ ಬಾಯೊಳಗೆ ಹುಣ್ಣು, ಆಮೇಲೆ ನಿಲ್ಲದ ಭೇದಿ. ಒಂದು ದನಕ್ಕೆ ಬಂದರೆ ವಾರದೊಳಗೆ ಕೊಟ್ಟಿಗೆಯೇ ಬರಿದು. ಸುದ್ದಿ ನಿಜವಾಗಿದ್ದರೆ ಆ ಹಿಂಡನ್ನು ಇದ್ದಲ್ಲೇ ಕಟ್ಟಿಹಾಕಿ, ಸುತ್ತಿನ ಊರುಗಳ ದನಗಳಿಗೆಲ್ಲ ಲಸಿಕೆ ಹಾಕಬೇಕು. ಸುಳ್ಳಾಗಿದ್ದರೆ ಏನು ಎಂದು ಯಾರೂ ನನಗೆ ಹೇಳಿರಲಿಲ್ಲ. ಹಿಂಡು ನಡೆದ ದಾರಿಯಲ್ಲೇ ನಾನೂ ಹೋಗಿ ನೋಡಿ ತಂತಿ ಕೊಡಬೇಕಿತ್ತು.

ಹೊಸನಗರದ ಬಸ್ಸು ಮಧ್ಯಾಹ್ನದ ಮೇಲೆ. ಸಾಗರದ ದನದ ಡಾಕ್ಟರು ಅಷ್ಟರೊಳಗೆ ನನ್ನನ್ನು ಊರಾಚೆಯ ಒಂದು ಮನೆಗೆ ಕರೆದುಕೊಂಡು ಹೋದರು. ಹಿಂಡು ಆ ಮನೆಯ ಬೇಲಿಯ ಪಕ್ಕದಲ್ಲೇ ಹಾದು ಹೋಗಿತ್ತಂತೆ. ಮನೆಯ ಯಜಮಾನರು ಭಟ್ಟರು. ಅವರ ಹಸು ಅಂಗಳದ ಮೂಲೆಯಲ್ಲಿ ನಿಂತು ಏನನ್ನೋ ಕಟಕಟ ಕಡಿಯುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಸತ್ತ ದನದ ಒಣಗಿದ ಎಲುಬು.

"ಆ ಹಿಂಡು ಹೋದ್ಮೇಲೇ ಹಿಂಗಾಗಿದ್ದಾ?" ಎಂದು ಕೇಳಿದೆ.

"ಅಲ್ಲ, ಸುಳ್ಳು ಯಾಕೆ ಹೇಳ್ಲಿ? ಕರು ಹಾಕಿದಾಗಿಂದಲೂ ಹೀಗೇ. ಎಲುಬು ಕಂಡ್ರೆ ಬಿಡೂದಿಲ್ಲ. ಎಂತಾದ್ರೂ ಗಾಳಿ ಸೋಕಿತೋ ಅಂತ ತಾಯಿತನೂ ಕಟ್ಟಿಸಿದೆ."

ಹಸುವಿನ ಕೊಂಬಿಗೆ ತಾಯಿತ ಇತ್ತು. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿದ್ದವು, ನಡಿಗೆ ಸೆಟೆದ ಹಾಗಿತ್ತು. ಜ್ವರ ಇರಲಿಲ್ಲ, ಬಾಯಲ್ಲಿ ಹುಣ್ಣಿರಲಿಲ್ಲ. ವರ್ಷವರ್ಷ ಸುರಿಯುವ ಮಳೆ ಈ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅಲ್ಲಿ ಬೆಳೆದ ಹುಲ್ಲಿನಲ್ಲಿ ರಂಜಕ ಸಾಲದು. ಹಾಲು ಕೊಡುವ ಹಸು ಅದನ್ನು ಎಲುಬಿನಲ್ಲಿ ಹುಡುಕುತ್ತದೆ. ಇದು ಅಂಟುವ ರೋಗವಲ್ಲ, ಹೊಟ್ಟೆಗೆ ಬೇಕಾದದ್ದು ಸಿಗದ ರೋಗ. ಚೆನ್ನಾಗಿ ಬೇಯಿಸಿ ಪುಡಿ ಮಾಡಿದ ಎಲುಬಿನ ಹಿಟ್ಟು ಪೇಟೆಯಲ್ಲಿ ಸಿಗುತ್ತದೆ, ದಿನವೂ ಒಂದು ಹಿಡಿ ಬೂಸಾದಲ್ಲಿ ಕಲಸಿ ಕೊಡಿ ಎಂದೆ. ಭಟ್ಟರು ಒಳಗಿದ್ದ ಹೆಂಡತಿಯ ಕಡೆ ತಿರುಗಿದರು.

"ಡಾಕ್ಟ್ರು ಎಂತ ಹೇಳ್ತಾ ಇದ್ದ ಕೇಳಿದ್ಯನೇ? ಎಂಗಳ ಮನೆಲಿ ಎಲುಬಿನ ಹಿಟ್ಟಡ!"

"ಈಗ ಅಂಗಳದಲ್ಲಿ ಕಡೀತಾ ಇಪ್ಪದು ಎಂತದಡ?" ಎಂದಿತು ಒಳಗಿನ ದನಿ.

ಭಟ್ಟರು ನಕ್ಕರು. ಮಜ್ಜಿಗೆ, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಊಟ ಹಾಕಿಸಿ ಕಳಿಸಿದರು. ಹಿಂಡಿನ ಬಗ್ಗೆ ಅವರು ಹೇಳಿದ್ದು ಇಷ್ಟು: ಜೈನರ ಮನೆಯವರು, ಅಕ್ಕ ತಮ್ಮ, ಒಂದು ಗಾಡಿ ಸಾಮಾನು, ಹಿಂದೆ ದನಗಳು. ದನಗಳು ಚೆನ್ನಾಗಿದ್ದವು. ಒಂದು ಜೊತೆ ಎತ್ತು ನೋಡುವ ಹಾಗಿತ್ತು, ಒಂದು ಬಿಳಿ, ಒಂದು ಕಪ್ಪು.

ಸಾಗರದಿಂದ ಹೊಸನಗರ ಇಪ್ಪತ್ತು ಮೈಲಿಯ ಆಸುಪಾಸು. ಖಾಸಗಿ ಬಸ್ಸು, ಮೇಲೆ ಬಾಳೆಗೊನೆ, ಒಳಗೆ ಜನ. ಕಂಡಕ್ಟರ್ ನನ್ನ ಪೆಟ್ಟಿಗೆಯನ್ನು ತಟ್ಟಿ ನೋಡಿ, "ಹಾರ್ಮೋನಿಯಂಗೆ ಲಗೇಜ್ ಚೀಟಿ ತಗೋಬೇಕು ಸ್ವಾಮಿ" ಎಂದ. ಹಾರ್ಮೋನಿಯಂ ಅಲ್ಲ ಎಂದು ಮುಚ್ಚಳ ತೆರೆದು ತೋರಿಸಿದೆ. ಹಿತ್ತಾಳೆಯ ಕೊಳವೆ ನೋಡಿ ಅವನಿಗೆ ಇನ್ನಷ್ಟು ಅನುಮಾನವಾಗಿ ಅರ್ಧ ಟಿಕೆಟ್ಟಿನ ದುಡ್ಡು ತೆಗೆದುಕೊಂಡ. ದಾರಿಯುದ್ದಕ್ಕೂ ಎಡಬಲದಲ್ಲಿ ಕಾಡು ಸರಿದು, ನಡುನಡುವೆ ಬೋಳು ಗುಡ್ಡ, ರಸ್ತೆಯ ಅಂಚಿನಲ್ಲಿ ಆಳೆತ್ತರದ ಲಂಟಾನದ ಪೊದೆ. ಹುಲ್ಲು ಎಲ್ಲೂ ಇರಲಿಲ್ಲ. ಮುಂಗಾರಿನ ಮುಂಚಿನ ಆ ದಿನಗಳಲ್ಲಿ ಹಳೆಯ ಹುಲ್ಲು ಮುಗಿದು ಹೊಸದು ಚಿಗುರಿರುವುದಿಲ್ಲ.

ಎಮ್ಮೆಗಳು ಸತ್ತ ಊರು ಹೊಸನಗರದಿಂದ ಎರಡು ಹರದಾರಿ ಒಳಗೆ. ಮರುದಿನ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಹೋದೆ. ಊರು ತಗ್ಗಿನಲ್ಲಿತ್ತು, ಕೆರೆಯ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ಕೊಟ್ಟಿಗೆಗಳು. ನಾನು ಬರುವ ಹೊತ್ತಿಗೆ ಹಾಲಪ್ಪ ಎಂಬ ರೈತನ ಕೊಟ್ಟಿಗೆಯಲ್ಲಿ ಮತ್ತೊಂದು ಎಮ್ಮೆ ಆಗತಾನೆ ಸತ್ತು ಬಿದ್ದಿತ್ತು. ಅವನ ಹೆಂಡತಿ ಅದರ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಸತ್ತದ್ದಕ್ಕೆ ನೊಣ ಓಡಿಸಬೇಡ ಎಂದು ಅವಳಿಗೆ ಯಾರೂ ಹೇಳಿದಂತೆ ಕಾಣಲಿಲ್ಲ.

ಎಮ್ಮೆಯ ಗಂಟಲು ಮಡಕೆಯ ಹಾಗೆ ಊದಿತ್ತು. ನಾಲಿಗೆ ಹೊರಗೆ ಬಂದಿತ್ತು. ಹೀಗೆ ಹಠಾತ್ತಾಗಿ ಸತ್ತ ಪ್ರಾಣಿಯನ್ನು ಕೂಡಲೇ ಕೊಯ್ಯಬಾರದು. ಮನುಷ್ಯರಿಗೂ ಅಂಟುವ ನೆರಡಿ ರೋಗ ಇದ್ದರೆ ನೆತ್ತರು ಬಿದ್ದ ನೆಲವೇ ವರ್ಷಗಟ್ಟಲೆ ವಿಷವಾಗುತ್ತದೆ. ಆದ್ದರಿಂದ ಕಿವಿಯ ತುದಿಯಿಂದ ಒಂದೇ ಹನಿ ನೆತ್ತರು ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಒಣಗಿಸಿದೆ. ಜಗಲಿಯ ಮೇಲೆ ಸೂಕ್ಷ್ಮದರ್ಶಕ ಇಟ್ಟು ಕನ್ನಡಿಯನ್ನು ಬಿಸಿಲಿನ ಕಡೆ ತಿರುಗಿಸಿದೆ. ಊರಿನ ಗಂಡಸರು ಸುತ್ತ ನಿಂತಿದ್ದರು.

ನೆರಡಿಯ ಕ್ರಿಮಿಗಳ ದಪ್ಪ ಸರಪಳಿಗಳು ಕಾಣಲಿಲ್ಲ. ಕಂಡದ್ದು ಸಣ್ಣಸಣ್ಣ ಕಡ್ಡಿಗಳು, ಎರಡೂ ತುದಿಗಳಲ್ಲಿ ಮಾತ್ರ ಬಣ್ಣ ಕುಡಿದವು, ನಡುವೆ ಬಿಳಿ. ಗಳಲೆಯ ಕ್ರಿಮಿ. ಗಂಟಲು ಊದಿ, ಉಸಿರು ಕಟ್ಟಿ, ಒಂದು ದಿನದೊಳಗೆ ಕೊಲ್ಲುವ ರೋಗ. ಎಮ್ಮೆಗಳೆಂದರೆ ಅದಕ್ಕೆ ವಿಶೇಷ ಪ್ರೀತಿ. ಮೊದಲ ಮಳೆ ಬಿದ್ದ ತಗ್ಗು ಊರುಗಳಲ್ಲಿ ಏಳುತ್ತದೆ.

"ಇದು ದೊಡ್ಡರೋಗ ಅಲ್ಲ. ಗಳಲೆ. ಈ ಊರಲ್ಲಿ ಹಿಂದೆ ಬಂದಿತ್ತಾ?" ಎಂದೆ.

"ಮಳೆ ಹಿಡಿಯೋ ಹೊತ್ತಿಗೆ ಒಂದೊಂದು ವರ್ಷ ಬತ್ತದೆ," ಎಂದ ಹಾಲಪ್ಪ. "ಆದ್ರೆ ಈ ಸಲ ಆ ಜೈನರ ದನ ಕೆರೇಲಿ ನೀರು ಕುಡಿದು ಹೋದ್ಮೇಲೇ ಬಂತು."

"ಮೊದಲು ಸತ್ತ ಎಮ್ಮೆ ಮೇವು ಬಿಟ್ಟದ್ದು ಯಾವತ್ತು?"

ಅವನು ಹೆಂಡತಿಯ ಕಡೆ ತಿರುಗಿದ. ಹೆಂಡತಿ ಹೇಳಿದಳು. "ಸೋಮಾರ ಸಂಜೆ ಹಾಲು ಕೊಡ್ಲಿಲ್ಲ. ಹುಲ್ಲೂ ಮುಟ್ಲಿಲ್ಲ. ನಾನೇ ಅಲ್ದಾ ಕಟ್ಟಿದ್ದು."

"ಹಿಂಡು ಬಂದದ್ದು?"

"ಮಂಗಳಾರ," ಎಂದಳು. ಆಮೇಲೆ ಗಂಡನ ಮುಖ ನೋಡಿದಳು.

ಗಂಡಸರಲ್ಲಿ ಒಬ್ಬ ತಲೆ ಕೆರೆದುಕೊಂಡ. ಇನ್ನೊಬ್ಬ, "ಹಂಗಾರೆ ತೀರ್ಥಹಳ್ಳಿ ಕಡೆಗೆ ಆಳು ಕಳ್ಸಿದ್ದು ತಪ್ಪಾತಲ್ಲ" ಎಂದ. ಎಂಥ ಆಳು ಎಂದು ಕೇಳಿದೆ. ಎಮ್ಮೆ ಸಾಯತೊಡಗಿದ ಕೂಡಲೇ ಹಿಂಡು ಹೋದ ದಾರಿಯ ಮುಂದಿನ ಊರುಗಳಿಗೆಲ್ಲ ಇವರು ಸುದ್ದಿ ಮುಟ್ಟಿಸಿದ್ದರು: ದೊಡ್ಡರೋಗದ ದನ ಬರುತ್ತಿವೆ, ಊರೊಳಗೆ ಬಿಡಬೇಡಿ. ಅವರ ಭಯ ಸಹಜವಾದದ್ದು. ಆದರೆ ಸುದ್ದಿ ಈಗ ಅವರ ಕೈಯಲ್ಲಿರಲಿಲ್ಲ.

ಎಮ್ಮೆಯನ್ನು ಆಳವಾಗಿ ಹೂಳಿಸಿದೆ. ಉಳಿದ ದನಗಳನ್ನು ಕೆರೆಯ ತಗ್ಗಿನಿಂದ ಗುಡ್ಡದ ಮೇಲಿನ ಬೇಣಕ್ಕೆ, ಒಣ ಬಯಲಿಗೆ, ಅಟ್ಟಿಸಿದೆ. ಲಸಿಕೆ ತರಿಸುತ್ತೇನೆಂದು ಹೇಳಿ ಹೊಸನಗರಕ್ಕೆ ಮರಳಿದೆ. ಹಿಂಡನ್ನು ತೀರ್ಥಹಳ್ಳಿಯ ದಾರಿಯ ಒಂದು ಊರಿನವರು ತಡೆದಿದ್ದಾರೆಂದು ಅಲ್ಲಿ ತಿಳಿದು, ಬರುತ್ತೇನೆಂದು ಅವರಿಗೆ ಹೇಳಿ ಕಳಿಸಿ ಮರುದಿನ ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ಹಿಂಡನ್ನು ತಡೆದಿದ್ದ ಊರು ತೀರ್ಥಹಳ್ಳಿಗೆ ಇನ್ನೂ ಕೆಲವು ಮೈಲಿ ಇರುವಾಗಲೇ ಸಿಗುತ್ತದೆ. ಬಸ್ಸು ನಿಲ್ಲುವಲ್ಲೇ ಪಟೇಲ ಶೇಷಪ್ಪಗೌಡರು ಕಾದಿದ್ದರು. ಎತ್ತರದ ಆಳು, ಕಿವಿಯಲ್ಲಿ ಒಂಟಿ, ಮಾತು ಮೆತ್ತಗೆ. ಅವರ ಹಿಂದೆ ಇಬ್ಬರ ಹೆಗಲಲ್ಲಿ ಕೋವಿ ಇತ್ತು.

"ಬಂದ್ರಾ? ನೀವು ಬರೋದ್ನೇ ಕಾಯ್ತಿದ್ವಿ," ಎಂದರು. "ನಮ್ಮೂರಲ್ಲಿ ಮುನ್ನೂರು ಬಾಲ ಇದೆ ಡಾಕ್ಟ್ರೇ. ಮಳೆ ಹಿಡೀತು ಅಂದ್ರೆ ಗದ್ದೆ ಹೂಟಿ. ದನ ಹೋದ್ರೆ ನಾವು ಹೋದಂಗೆ. ಅವ್ರನ್ನ ಹಿಂದಕ್ಕೆ ಹೋಗಿ ಅಂದ್ರೆ ಹಿಂದೆ ಊರೇ ಇಲ್ಲ ಅಂತಾರೆ. ಮುಂದಕ್ಕೆ ಬಿಡೋಕೆ ನಮ್ಮೋರು ಒಪ್ಪಲ್ಲ. ನೀವು ಒಂದು ಮಾತು ಹೇಳಿ. ದೊಡ್ಡರೋಗ ಅಂದ್ರೆ ಇವತ್ತೇ ಎಲ್ಲಾನೂ ಹೊಡೆದು ಹೂಳ್ತೇವೆ. ಪಾಪ ಬಂದ್ರೆ ನಂಗೆ ಬರ್ಲಿ."

ದನಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದೆ. ಊರಿನಿಂದ ಒಂದು ಮೈಲಿ ಈಚೆ, ಹಿಂದೆ ಯಾರೋ ಕಡಿದು ಬಿಟ್ಟ ಕಾಡಿನ ಖಾಲಿ ಜಾಗ. ಸುತ್ತಲೂ ಮುಳ್ಳುಬೇಲಿ ಹಾಕಿಸಿದ್ದರು. ಹತ್ತಿರ ಹೋದಾಗ ನನಗೆ ಮೊದಲು ಕಂಡದ್ದು ದನಗಳಲ್ಲ, ಲಂಟಾನ. ಜಾಗದ ತುಂಬ ಅದೇ. ಮರ ಎಂಬುದು ಒಂದು ಮೂಲೆಯಲ್ಲಿ ಒಂದೇ ಒಂದು ಹೊನ್ನೆ. ಅದರ ಕೆಳಗೆ ಗಾಡಿ, ಗಾಡಿಯ ಕೆಳಗೆ ಪಾತ್ರೆ ಪಗಡಿ. ಉಳಿದದ್ದೆಲ್ಲ ಬಯಲು ಬಿಸಿಲು. ಹೀಗೆ ಕೂಡಿಹಾಕಿ ವಾರ ಕಳೆದಿತ್ತು.

ಬೇಲಿಯ ಹತ್ತಿರ ಬಂದವರು ಐವತ್ತು ದಾಟಿದ ಹೆಂಗಸು. ಬಿಳಿ ಸೀರೆ, ಬರಿಗೈ. ಹಿಂದೆ ತಮ್ಮ ಪದ್ಮಯ್ಯ, ಅವರಿಗಿಂತ ಹತ್ತು ವರ್ಷ ಚಿಕ್ಕವರು. ಅನಂತಮತಿ ಎಂಬ ಆ ಅಕ್ಕನನ್ನು ತಮ್ಮ ಅನಂತಕ್ಕ ಎಂದು ಕರೆಯುತ್ತಿದ್ದರು. ಆಮೇಲೆ ನಾನೂ ಹಾಗೇ ಕರೆದೆ. ತೀರ್ಥಹಳ್ಳಿಯಾಚೆ ಶಿವಮೊಗ್ಗದ ರಸ್ತೆಯಲ್ಲಿ ಇವರಿಗೆ ಜಮೀನು ಸಿಕ್ಕಿತ್ತು. ಮಳೆಗೆ ಮುಂಚೆ ಅಲ್ಲಿ ಒಂದು ಸೂರು ಎಬ್ಬಿಸಬೇಕಿತ್ತು.

"ನಮ್ಮ ದನಕ್ಕೆ ರೋಗ ಇರಲಿಲ್ಲ," ಎಂದರು ಅನಂತಕ್ಕ. "ಇಲ್ಲಿಗೆ ಬಂದ ಮೇಲೆ ಆಯ್ತು. ಆದ್ರೆ ಈಗ ಆಗಿರೋದು ನಿಜ. ಸುಳ್ಳು ಹೇಳಲ್ಲ. ನೋಡಿ."

ನೋಡಿದೆ. ಒಂದು ಕರು ಆಗಲೇ ಸತ್ತಿತ್ತು. ದನಗಳ ಮೂತಿ ಒಣಗಿ ಬಿರಿದು ಕೆಂಪಾಗಿತ್ತು. ಊರವರು ದೊಡ್ಡರೋಗ ಎಂದದ್ದು ಅದನ್ನು ನೋಡಿಯೇ. ಕಣ್ಣಿನ ಬಿಳಿ ಅರಿಶಿನದ ಬಣ್ಣ. ಜ್ವರಮಾಪಕ ಹಾಕಿದೆ, ಒಂದಕ್ಕೂ ಜ್ವರ ಇಲ್ಲ. ಬಾಯೊಳಗೆ ಬೆರಳಾಡಿಸಿದೆ, ಹುಣ್ಣಿಲ್ಲ. ಭೇದಿ ಇಲ್ಲ, ಬದಲಿಗೆ ಸಗಣಿ ಕಲ್ಲಾಗಿತ್ತು.

ಆಮೇಲೆ ಎತ್ತುಗಳ ಹತ್ತಿರ ಹೋದೆ. ಬೆಳ್ಳ, ಕಾಳ ಎಂದು ಅವುಗಳ ಹೆಸರು. ಬೆಳ್ಳ ಮಲಗಿತ್ತು. ಅದರ ಬೆನ್ನು, ಭುಜ, ಕಿವಿಗಳ ಚರ್ಮ ಬೆಂದ ಹಾಗೆ ಗಟ್ಟಿಯಾಗಿ ಬಿರಿದು ಹಾಳೆಹಾಳೆಯಾಗಿ ಏಳುತ್ತಿತ್ತು. ಕಾಳನ ಕಣ್ಣೂ ಹಳದಿಯೇ, ಆದರೆ ಅದರ ಚರ್ಮಕ್ಕೆ ಏನೂ ಆಗಿರಲಿಲ್ಲ. ಪಕ್ಕದಲ್ಲಿ ಒಂದು ಕಡಸು, ಕೆಂಪು ಮೈಯ ಮೇಲೆ ಬಿಳಿ ಮಚ್ಚೆ. ಬಿಳಿ ಇದ್ದಲ್ಲಿ ಚರ್ಮ ಸುಲಿದಿತ್ತು. ಕೆಂಪು ಕೂದಲು ಶುರುವಾಗುವ ಗೆರೆಯಲ್ಲಿ ಗಾಯವೂ ನಿಂತಿತ್ತು, ಯಾರೋ ಗೆರೆ ಎಳೆದು ಬಿಟ್ಟ ಹಾಗೆ.

ಅಂಟುರೋಗ ಬಣ್ಣ ನೋಡಿ ಹಿಡಿಯುವುದಿಲ್ಲ. ಬಿಸಿಲು ನೋಡುತ್ತದೆ. ಕೆಲವು ಗಿಡಗಳನ್ನು ತಿಂದರೆ ಪಿತ್ತಜನಕಾಂಗ ಕೆಡುತ್ತದೆ. ಹೊರಗೆ ಹೋಗಬೇಕಾದ ಕಸ ನೆತ್ತರಿನಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಬಿಳಿ ಚರ್ಮ ಸುಡುತ್ತದೆ. ಕಪ್ಪು, ಕೆಂಪು ಕೂದಲಿನ ಕೆಳಗಿನ ಚರ್ಮ ತನ್ನನ್ನು ಕಾಪಾಡಿಕೊಳ್ಳುತ್ತದೆ. ಪೊದೆಗಳನ್ನು ನೋಡಿದೆ. ದನದ ಬಾಯಿ ಎಟುಕುವ ಎತ್ತರದವರೆಗೆ ಲಂಟಾನದ ಎಲೆ ಬೋಳಾಗಿತ್ತು. ಹೊಟ್ಟೆ ತುಂಬಿದ ದನ ಅದನ್ನು ಮೂಸಿಯೂ ನೋಡುವುದಿಲ್ಲ.

"ಮೇವು ಏನು ಹಾಕ್ತಿದ್ರಿ?" ಎಂದೆ.

"ಗಾಡೀಲಿದ್ದ ಹುಲ್ಲು ಎರಡು ದಿನಕ್ಕೆ ಮುಗೀತು," ಎಂದರು ಪದ್ಮಯ್ಯ. "ಊರಲ್ಲಿ ಕೇಳಿದ್ವಿ. ಹತ್ರ ಬರಬೇಡಿ ಅಂದ್ರು."

ನನಗೆ ಅನುಮಾನ ಉಳಿಯಲಿಲ್ಲ. ಆದರೆ ಗೌಡರಿಗೂ ಕೋವಿ ಹಿಡಿದವರಿಗೂ ನನ್ನ ಬಾಯಿಮಾತು ಸಾಕಾಗಲಿಲ್ಲ. "ಬೆಂಗಳೂರಿಗೆ ಹೋಗಿ ನೀವು ಆರಾಮಾಗಿ ಇರ್ತೀರಿ. ನಾಳೆ ನಮ್ಮ ಕೊಟ್ಟಿಗೇಲಿ ರೋಗ ಬಂದ್ರೆ ಯಾರನ್ನ ಕೇಳೋದು?" ಎಂದು ಒಬ್ಬ ಕೂಗಿದ. ಹೊಟ್ಟೆ ಕೊಯ್ದು ಕಣ್ಣಿಗೆ ತೋರಿಸುವುದೊಂದೇ ದಾರಿ. ಕಡಸು ಸುಸ್ತಾಗಿ ನಿಂತಿತ್ತು, ಬದುಕುವ ಲಕ್ಷಣ ನನಗೆ ಕಾಣಲಿಲ್ಲ. ಅದನ್ನು ಕೊಡಿ, ನೋವಾಗದ ಹಾಗೆ ಕೊಂದು ತೋರಿಸುತ್ತೇನೆ, ಉಳಿದವು ಉಳಿಯುತ್ತವೆ ಎಂದು ಅನಂತಕ್ಕನಿಗೆ ಹೇಳಿದೆ.

"ಇಲ್ಲ," ಎಂದರು.

"ಅದು ಹೇಗೂ ಉಳಿಯೋದಿಲ್ಲ ತಾಯಿ."

"ಅದು ನಿಮಗೆ ಗೊತ್ತಿರಬಹುದು. ಸತ್ತ ಮೇಲೆ ಏನು ಬೇಕೋ ಮಾಡಿ. ಉಸಿರು ಇರೋವಾಗ ನಾನಾಗಿ ಕೊಡೋದಿಲ್ಲ. ಇವರು ಕೋವೀಲಿ ಹೊಡೆದ್ರೆ ಅದು ಇವರ ಕರ್ಮ. ನಾನು ಕೊಟ್ರೆ ನಂದು."

"ಎಂತದು ಮಾರಾಯ್ತಿ," ಎಂದರು ಗೌಡರು, "ಒಂದು ಕಡಸಿನ ಆಸೆಗೆ ಎಲ್ಲಾ ಕಳ್ಕೊಳ್ತೀರಾ?"

"ಆಸೆ ಅಲ್ಲ ಗೌಡ್ರೆ," ಎಂದಷ್ಟೇ ಹೇಳಿ ಅವರು ಕಡಸಿನ ಹಗ್ಗ ಹಿಡಿದುಕೊಂಡರು.

ನನಗೆ ಸಿಟ್ಟು ಬಂತು. ನನ್ನ ಓದಿನ ಪ್ರಕಾರ ನಾನು ಹೇಳಿದ್ದು ಸರಿ. ಆದರೆ ದನ ಅವರದು. ಗೌಡರನ್ನು ಪಕ್ಕಕ್ಕೆ ಕರೆದು ಒಂದು ದಿನದ ಗಡುವು ಕೇಳಿದೆ. ಮೊದಲು ದನಗಳಿಗೆ ನೆರಳು ಬೇಕು, ಹುಲ್ಲು ಬೇಕು, ಕಮ್ಮಾರನ ಕುಲುಮೆಯಿಂದ ಒಂದು ಚೀಲ ಇದ್ದಿಲು ಬೇಕು ಎಂದೆ. ಅವರು ಒಂದು ದಿನಕ್ಕೆ ಒಪ್ಪಿದರು. ಹುಲ್ಲು, ಇದ್ದಿಲು ಬಂತು. ನೆರಳಿಗೆ ಸೊಪ್ಪಿನ ಚಪ್ಪರ ಹಾಕಲು ಇಬ್ಬರು ಮಾತ್ರ ಬಂದರು, ಅವರೂ ದನಗಳನ್ನು ಮುಟ್ಟದೆ ದೂರದಿಂದಲೇ ಗಳ ಕೊಟ್ಟು ಹೋದರು. ಪದ್ಮಯ್ಯನೂ ನಾನೂ ಚಪ್ಪರ ಕಟ್ಟಿದೆವು. ಹೊಟ್ಟೆಯ ವಿಷ ಹೀರಲೆಂದು ಇದ್ದಿಲನ್ನು ಅರೆದು, ಭೇದಿಯುಪ್ಪಿನ ನೀರಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ಒಂದೊಂದೇ ದನಕ್ಕೆ ಕುಡಿಸಿದೆವು. ಸುಲಿದ ಚರ್ಮಕ್ಕೆ ಅನಂತಕ್ಕ ಹೊಂಗೆ ಎಣ್ಣೆ ಸವರಿದರು.

ಸೂರ್ಯ ಮುಳುಗುವ ಮೊದಲೇ ಅವರ ಊಟ. ನನಗೂ ಎಲೆ ಹಾಕಿದರು: ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪು. ಬಡಿಸುತ್ತ ಅನಂತಕ್ಕ, "ನಿಮ್ಮ ಮೇಲೆ ಬೇಜಾರಿಲ್ಲ" ಎಂದರು. ಮಲಗಲು ಗೌಡರ ಮನೆಯ ಜಗಲಿಗೆ ಹೋದೆ.

ಬೆಳಿಗ್ಗೆ ಹೋಗುವಷ್ಟರಲ್ಲಿ ಬೆಳ್ಳ ಸತ್ತಿತ್ತು. ಕಡಸು ಚಪ್ಪರದಡಿ ನಿಂತು ಹುಲ್ಲಿನ ಎಸಳೊಂದನ್ನು ಬಾಯಲ್ಲಿ ಆಡಿಸುತ್ತಿತ್ತು. ಪದ್ಮಯ್ಯ ಎತ್ತಿನ ಕೊರಳಿನಿಂದ ಗಂಟೆ ಬಿಚ್ಚುತ್ತಿದ್ದರು. ಆ ಎತ್ತಿಲ್ಲದೆ ಗಾಡಿ ಹೋಗುವುದು ಹೇಗೆಂದು ಯಾರೂ ಕೇಳಲಿಲ್ಲ. ಅನಂತಕ್ಕ ನನ್ನ ಕಡೆ ನೋಡಿ, "ಈಗ ಮಾಡಿ" ಎಂದು ಹೊನ್ನೆ ಮರದ ಆಚೆ ಹೋಗಿ ಬೆನ್ನು ತಿರುಗಿಸಿ ಕೂತರು.

ಊರಿನ ಗಂಡಸರನ್ನೆಲ್ಲ ಕರೆಸಿದೆ. ಗೌಡರು ಮುಂದೆ ನಿಂತರು. ಕಿವಿಯ ನೆತ್ತರು ನೋಡಿ, ಕ್ರಿಮಿ ಇಲ್ಲವೆಂದು ಖಚಿತ ಮಾಡಿಕೊಂಡು ಹೊಟ್ಟೆ ಕೊಯ್ದೆ. ದೊಡ್ಡರೋಗದಲ್ಲಿ ಕರುಳಿನ ಒಳಗೆ ಹುಲಿಯ ಪಟ್ಟೆಯ ಹಾಗೆ ಕೆಂಪು ಗೆರೆಗಳಿರುತ್ತವೆ. ಕರುಳು ಸೀಳಿ ತೋರಿಸಿದೆ, ಒಂದೂ ಇರಲಿಲ್ಲ. ಪಿತ್ತಜನಕಾಂಗ ಕಾವಿ ಮಣ್ಣಿನ ಬಣ್ಣಕ್ಕೆ ತಿರುಗಿ ಊದಿತ್ತು. ಪಿತ್ತದ ಚೀಲ ಎಳನೀರಿನ ಗಾತ್ರಕ್ಕೆ ಬಿಗಿದಿತ್ತು. ಕೊನೆಗೆ ದೊಡ್ಡ ಹೊಟ್ಟೆ ಕೊಯ್ದಾಗ ಒಳಗಿನದು ಹೊರಗೆ ಬಂತು: ಹುಲ್ಲಲ್ಲ, ಒತ್ತಿ ತುಂಬಿದ ಒಣ ಎಲೆಚೂರು. ಜೀರ್ಣವಾಗದೆ ಹಾಗೇ ಕೂತಿತ್ತು. ಒಂದು ಹಿಡಿಯನ್ನು ಬಕೆಟ್ಟಿನ ನೀರಲ್ಲಿ ತೊಳೆದು, ಗರಗಸದಂಥ ಅಂಚಿನ ಎಲೆಯೊಂದನ್ನು ಬಿಡಿಸಿ ಗೌಡರ ಅಂಗೈ ಮೇಲಿಟ್ಟೆ. ಬೇಲಿಯಿಂದ ಒಂದು ಹಸಿ ಎಲೆ ಕಿತ್ತು ಅದರ ಪಕ್ಕದಲ್ಲಿಟ್ಟೆ.

ಗೌಡರು ಎರಡನ್ನೂ ಬಹಳ ಹೊತ್ತು ನೋಡಿದರು.

"ಹಂಗಾರೆ," ಎಂದರು, "ನಾವು ಇಲ್ಲಿ ಕೂಡಿಹಾಕಿದ್ದಕ್ಕೇ ಆಯ್ತು ಅಂತೀರಾ?"

"ಹಸಿವಿಗೆ ಆಯ್ತು. ಇಲ್ಲಿ ಬೇರೆ ಏನೂ ಇರ್ಲಿಲ್ಲ."

"ಅಂಟಲ್ಲ?"

"ಅಂಟೋದಿಲ್ಲ. ನಿಮ್ಮ ದನಾನೂ ಹೊಟ್ಟೆಗಿಲ್ಲದೆ ಇಲ್ಲಿ ವಾರ ಇಟ್ರೆ ಹೀಗೇ ಆಗ್ತದೆ."

ಗೌಡರು ಆ ಎಲೆಗಳನ್ನು ಎಸೆಯಲಿಲ್ಲ. ಅಂಗೈ ಮುಚ್ಚಿಕೊಂಡು ನಿಂತರು. ಕೋವಿ ಹಿಡಿದಿದ್ದವರಲ್ಲಿ ಒಬ್ಬ ಕೋವಿಯನ್ನು ಪಕ್ಕದವನ ಕೈಗೆ ಕೊಟ್ಟು, ಬೇಲಿಯ ಮುಳ್ಳು ಕೀಳಲು ಶುರು ಮಾಡಿದ. ಇನ್ನಿಬ್ಬರು ಸೇರಿದರು. ಯಾರೂ ಕ್ಷಮೆ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಂಡು ಗೌಡರ ಮನೆಯ ಹಿಂದಿನ ದೊಡ್ಡ ಗಾಡಿಮನೆಯ ನೆರಳಿನಲ್ಲಿತ್ತು. ಬೆಳ್ಳನನ್ನು ಅಲ್ಲೇ ಹೊನ್ನೆ ಮರದ ಹತ್ತಿರ ಹೂಳಿದರು. ಕೆಲಸ ಮುಗಿದ ಮೇಲೆ ಅನಂತಕ್ಕ ಬಂದು ಮಣ್ಣಿನ ಮೇಲೆ ನೀರು ಚಿಮುಕಿಸಿದರು. ನಾನು ಕೈ ತೊಳೆಯುತ್ತಿದ್ದೆ.

"ಅದರ ಹೊಟ್ಟೇಲಿ ಬರೀ ಎಲೆ ಇತ್ತಂತೆ, ಹೌದಾ?" ಎಂದು ಕೇಳಿದರು.

ಹೌದು ಎಂದೆ.

"ನಾನೇ ಹಗ್ಗ ಬಿಚ್ಚಿ ಬಿಟ್ಟಿದ್ದೆ. ಏನಾದ್ರೂ ತಿಂದುಕೊಳ್ಳಲಿ ಅಂತ," ಎಂದರು. ಆಮೇಲೆ ಕಣ್ಣೊರೆಸಿಕೊಂಡು ಉಳಿದ ದನಗಳ ಕಡೆ ಹೋದರು.

ಮುಂದಿನ ದಾರಿಯ ಬಗ್ಗೆ ಗೌಡರು ವಿಚಾರಿಸಿದರು. ಇನ್ನೂ ಹದಿನೈದು ದಿನವಾದರೂ ಈ ದನಗಳು ಬಿಸಿಲಿಗೆ ಬೀಳಬಾರದು ಎಂದೆ. ಮಳೆ ಅಷ್ಟು ದಿನ ಕಾಯುವುದಿಲ್ಲ, ಸೂರು ಏಳಬೇಕು ಎಂದರು ಪದ್ಮಯ್ಯ. ಹಾಗಾದರೆ ನಸುಕಿನಲ್ಲಿ ನಡೆಸಿ, ಹಗಲು ನೆರಳಲ್ಲಿ ನಿಲ್ಲಿಸಿ, ದಾರಿಯಲ್ಲಿ ಬಿಸಿಲು ಬಂದರೆ ಮೈ ಮುಚ್ಚಿ ಎಂದು ಹೇಳಿ ಅವರಿಬ್ಬರನ್ನೂ ಮಾತಾಡಲು ಬಿಟ್ಟು ಬಸ್ಸಿಗೆ ಹೊರಟೆ.

ತೀರ್ಥಹಳ್ಳಿಯ ಅಂಚೆ ಕಚೇರಿಯಿಂದ ತಂತಿ ಕೊಟ್ಟೆ. ದೊಡ್ಡರೋಗ ಅಲ್ಲ. ಹೊಸನಗರದ ಬಳಿ ಗಳಲೆ. ತೀರ್ಥಹಳ್ಳಿಯ ಬಳಿ ಗಿಡದ ವಿಷ. ಗಳಲೆಯ ಲಸಿಕೆ ಕೂಡಲೇ ಕಳಿಸಿ. ಲಸಿಕೆ ಬರುವವರೆಗೆ ಪ್ರವಾಸಿ ಮಂದಿರದಲ್ಲಿ ತಂಗಿದೆ. ತುಂಗೆಯಲ್ಲಿ ನೀರು ಕಡಿಮೆ, ಬಂಡೆಗಳ ನಡುವೆ ತಿಳಿಯಾಗಿ ಹರಿಯುತ್ತಿತ್ತು. ದಿನವೂ ಎರಡು ಹೊತ್ತು ಸ್ನಾನ ಮಾಡಿದೆ. ಹೋಟೆಲಿನಲ್ಲಿ ಬೆಳಿಗ್ಗೆ ಕಡುಬು, ಕಾಯಿಚಟ್ನಿ. ಲಸಿಕೆ ಬಂದ ದಿನವೇ ಹೊಸನಗರದ ಕಡೆ ಹೋಗಿ, ತಗ್ಗಿನ ಊರಿನ ಎಮ್ಮೆಗಳಿಗೆಲ್ಲ ಸೂಜಿ ಹಾಕಿದೆವು. ಆ ನಡುವೆ ಇನ್ನೆರಡು ಸತ್ತಿದ್ದವು. ಹಾಲಪ್ಪನ ಹೆಂಡತಿ ಉಳಿದಿದ್ದ ಒಂದು ಎಮ್ಮೆಯನ್ನು ತಾನೇ ಹಿಡಿದು ನಿಲ್ಲಿಸಿದಳು. "ಆ ಜೈನರ ದನ ಎಂತ ಆದ್ವು?" ಎಂದು ಕೇಳಿದಳು. ಹೇಳಿದೆ. "ಅಯ್ಯೋ" ಎಂದಳು.

ವಾಪಸು ಹೊರಟದ್ದು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ. ರಸ್ತೆ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ಪಶ್ಚಿಮದಲ್ಲಿ ಮೋಡ ಕಟ್ಟಿದ್ದರೂ ನಮ್ಮ ಮೇಲೆ ಬಿಸಿಲೇ ಇತ್ತು. ನಾಲ್ಕೈದು ಮೈಲಿ ಹೋಗುವಷ್ಟರಲ್ಲಿ ಡ್ರೈವರ್ ಬಸ್ಸು ನಿಧಾನ ಮಾಡಿ ಹಾರನ್ ಒತ್ತಿದ. ಮುಂದೆ ರಸ್ತೆಯ ತುಂಬ ದನಗಳು. ಕಿಟಕಿಯ ಪಕ್ಕ ಕೂತವರು ಕತ್ತು ಹೊರಗೆ ಹಾಕಿ ನಗತೊಡಗಿದರು.

"ನೋಡಿ ಇಲ್ಲಿ! ಈ ಬಿಸಿಲಲ್ಲಿ ದನಕ್ಕೆ ಕಂಬಳಿ ಹೊದ್ಸಿದ್ದಾರೆ!" ಎಂದ ಕಂಡಕ್ಟರ್. "ಚಳಿ ಜ್ವರವಾ ಎಂತ?"

ಎಲ್ಲ ದನಗಳ ಬೆನ್ನ ಮೇಲೂ ಕಪ್ಪು ಕಂಬಳಿ, ಹೊಟ್ಟೆಯ ಕೆಳಗೆ ಬಾಳೆನಾರಿನ ಕಟ್ಟು. ಮಳೆಗಾಲದಲ್ಲಿ ಗದ್ದೆಗೆ ಹೊದ್ದುಕೊಂಡು ಹೋಗುವ ಕಂಬಳಿಗಳು ಅವು. ಕೆಲವು ಹೊಸವು, ಕೆಲವು ತೇಪೆ ಹಾಕಿದವು. ಒಂದು ಮನೆಯಲ್ಲಿ ಅಷ್ಟೊಂದು ಕಂಬಳಿ ಇರುವುದಿಲ್ಲ. ಗಾಡಿಗೆ ಕಾಳನ ಜೊತೆ ಕಟ್ಟಿದ್ದ ಕೆಂದ ಎತ್ತನ್ನು ನಾನು ಮೊದಲು ನೋಡಿರಲಿಲ್ಲ. ಗಾಡಿ ಹೊಡೆಯುತ್ತಿದ್ದವನ ಮುಖ ನೋಡಿದ್ದೆ; ಹೋದ ವಾರ ಅವನ ಹೆಗಲಲ್ಲಿ ಕೋವಿ ಇತ್ತು.

ಕೊನೆಯಲ್ಲಿ ಅನಂತಕ್ಕ ನಡೆಯುತ್ತಿದ್ದರು. ಕಡಸಿನ ಕಂಬಳಿ ಒಂದು ಕಡೆ ಜಾರಿತ್ತು. ಅದನ್ನು ಎಳೆದು ಸರಿಮಾಡಿ, ಕಿವಿಯ ಮೇಲಿನವರೆಗೂ ಮುಚ್ಚುತ್ತಿದ್ದರು. ಬಸ್ಸಿನ ಕಡೆ ಅವರು ನೋಡಲಿಲ್ಲ. ನಾನೂ ಕರೆಯಲಿಲ್ಲ. ಕಡಸು ಮಾತ್ರ ಹಾರನ್ನಿಗೆ ಬೆದರದೆ, ರಸ್ತೆಯ ಅಂಚಿಗೆ ಸರಿದು, ಅಡ್ಡಮಳೆಗೆ ಮೊಳೆತಿದ್ದ ಗರಿಕೆಗೆ ಬಾಯಿ ಹಾಕಿತು. ದಾರಿ ಬಿಟ್ಟಿತು. ಬಸ್ಸು ಮುಂದೆ ಹೋಯಿತು.